ಹೌಸಿಂಗ್ ಆಯಿಲ್ ನಿಮ್ಮ ಕಣ್ಣೆದುರೇ ಬಸಿಯಲಿ

ಮಳೆಗಾಲದಲ್ಲಿ ಹಳ್ಳ ದಾಟಿಸುವ ಜೀಪು ಇಟ್ಟುಕೊಂಡವರು ಇದನ್ನು ಪೂರ್ತಿ ಓದಿ. ಹೋದ ಡಿಸೆಂಬರ್‌ನಲ್ಲಿ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಲಿಕಲ್ ಘಾಟಿ ಇಳಿಯುವಾಗ ನನ್ನ ಜೀಪಿನ ಹಿಂದಿನ ಕ್ರೌನ್ ಪಿನಿಯನ್ ಮುರಿಯಿತು. ಇಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಹಲ್ಲುಗಾಲಿಗಳ ಜೋಡಿ ಅದು, ದೊಡ್ಡದು ಕ್ರೌನ್, ಚಿಕ್ಕದು ಪಿನಿಯನ್. ಅವು ಆಯಿಲಿನಲ್ಲಿ ತಿರುಗುವ ಕಬ್ಬಿಣದ ಗೂಡೇ ಹೌಸಿಂಗು. ನಮಗಿಬ್ಬರಿಗೂ ಏನೂ ಆಗಲಿಲ್ಲ, ಪುಣ್ಯ. ಆದರೆ ಇದಕ್ಕೆಲ್ಲ ಮೂಲ ಒಂದು ಸಣ್ಣ ಬೋಲ್ಟು. ಅಂಗಡಿಯಲ್ಲಿ ಕೇಳಿದರೆ ಐದು ರೂಪಾಯಿ ಇದ್ದೀತು.

ನನ್ನದು ಹಳೆಯ ಮಹೀಂದ್ರ ಎಂಎಂ 540. ಪ್ಯೂಜೋ ಡೀಸೆಲ್ ಇಂಜಿನ್, ಫೋರ್ ವ್ಹೀಲ್. ನಮ್ಮ ಮನೆ ಹೊಸನಗರ ತಾಲೂಕಿನ ನಗರ ಎಂಬ ಊರಿನಿಂದ ನಿಟ್ಟೂರಿನ ಕಡೆ, ಟಾರು ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ. ಗೊಬ್ಬರ, ಸುಣ್ಣ, ಮೈಲುತುತ್ತ, ಔಷಧಿ ಹೊಡೆಯುವ ಡ್ರಮ್ಮು, ಅಡಿಕೆ ಕೊನೆ, ಎಲ್ಲಕ್ಕೂ ಇದೇ ಜೀಪು. ಮನೆಯವಳು ಇದನ್ನು ಮಾರಿ ಒಂದು ಕಾರು ತಗೊಳ್ಳಿ ಅಂತ ವರ್ಷಕ್ಕೆರಡು ಸಲ ಹೇಳುತ್ತಾಳೆ. ಲೋ ಗೇರಿಗೆ ಹಾಕಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕೆಸರಿನ ಏರನ್ನು ಎಮ್ಮೆ ಹತ್ತಿದ ಹಾಗೆ ತನ್ನಷ್ಟಕ್ಕೆ ತಾನು ಹತ್ತುತ್ತದಲ್ಲ, ಆ ಸುಖ ಅವಳಿಗೆ ಹೇಗೆ ಹೇಳುವುದು! ಅದಕ್ಕೇ ಸುಮ್ನಿರುತ್ತೇನೆ.

ಜುಲೈನಲ್ಲಿ ಪುನರ್ವಸು ಮಳೆ ಜೋರಾಗಿ ಹೊಡೆದು ನಮ್ಮ ಮನೆ ದಾರಿಯ ಮೋರಿ ಕೊಚ್ಚಿಕೊಂಡು ಹೋಯಿತು. ನಡೆದು ಹೋಗುವವರಿಗೆ ಅಡಿಕೆ ಮರದ ಸಂಕ ಹಾಕಿಕೊಂಡೆವು. ಜೀಪು ಮಾತ್ರ ಹಳ್ಳದಲ್ಲೇ ಇಳಿಯಬೇಕು. ಮೂರು ವಾರ, ದಿನಕ್ಕೆ ಎರಡು ಸಲ. ಕೆಲವು ದಿನ ನೀರು ಚಕ್ರದ ನಡುವಿನ ಹಬ್ ಮುಚ್ಚಿ ಮೇಲೆ ಬರುತ್ತಿತ್ತು.

ಹಳ್ಳ ದಾಟಿಸುವುದು ನನಗೆ ಹೊಸತಲ್ಲ. ಮೊದಲು ಕೋಲು ಹಿಡಿದು ನಾನೇ ನಡೆದು ನೋಡುತ್ತಿದ್ದೆ. ನೀರು ಜಾಸ್ತಿ ಇದ್ದ ದಿನ ಫ್ಯಾನ್ ಬೆಲ್ಟ್ ಸಡಿಲ ಮಾಡುತ್ತಿದ್ದೆ, ಇಲ್ಲದಿದ್ದರೆ ಫ್ಯಾನು ನೀರನ್ನೆಲ್ಲ ಇಂಜಿನ್ ಮೇಲೆ ಎರಚುತ್ತದೆ. ನೀರಿನ ಮಧ್ಯೆ ಇಂಜಿನ್ ಬಂದಾದರೆ ಮತ್ತೆ ಸ್ಟಾರ್ಟ್ ಹೊಡೆಯಬಾರದು ಅಂತಲೂ ಗೊತ್ತಿತ್ತು. ಸಿಲಿಂಡರ್‌ಗೆ ನೀರು ಹೋಗಿದ್ದರೆ ಅದು ಗಾಳಿಯ ಹಾಗೆ ಅದುಮಿಕೊಳ್ಳುವುದಿಲ್ಲ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಆಚೆ ದಡಕ್ಕೆ ಬಂದ ಮೇಲೆ ಬ್ರೇಕ್ ಮೇಲೆ ಮೆಲ್ಲಗೆ ಕಾಲಿಟ್ಟು ನೂರು ಗಜ ಓಡಿಸಿ ಡ್ರಮ್ ಒಣಗಿಸುತ್ತಿದ್ದೆ. ಇಷ್ಟೆಲ್ಲ ಹುಷಾರು ಇದ್ದವನು ಜೀಪಿನ ಅಡಿಗೆ ಒಂದು ಸಲವೂ ಬಗ್ಗಿ ನೋಡಲಿಲ್ಲ.

ಸೆಪ್ಟೆಂಬರ್‌ನಲ್ಲಿ ಮಳೆ ಸ್ವಲ್ಪ ಬಿಟ್ಟಿತು. ಯಾವಾಗಲೂ ಬಿಡುವ ಗ್ಯಾರೇಜಿಗೇ ಸರ್ವಿಸ್‌ಗೆ ಬಿಟ್ಟೆ. ಹೆಸರು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಇಂಥವು ಎಲ್ಲ ಪೇಟೆಯಲ್ಲೂ ಇವೆ. “ಹಳ್ಳದಲ್ಲಿ ಓಡಾಡಿದೆ, ಗೇರ್ ಬಾಕ್ಸು, ಮುಂದೆ ಹಿಂದೆ ಹೌಸಿಂಗು, ಎಲ್ಲ ಆಯಿಲ್ ಬದಲಿಸಿ” ಅಂತ ಬಾಯಿಬಿಟ್ಟು ಹೇಳಿಯೇ ಬಂದಿದ್ದೆ. ಸಂಜೆ ಹೋದಾಗ ಜೀಪು ತೊಳೆದು ಫಳಫಳ ಅನ್ನುತ್ತಿತ್ತು. ಬಿಲ್ಲಿನಲ್ಲಿ ‘ಹೌಸಿಂಗ್ ಆಯಿಲ್ ಚೇಂಜ್’ ಅಂತ ಬರೆದಿತ್ತು. ದುಡ್ಡು ಕೊಟ್ಟು ಮನೆಗೆ ಬಂದೆ.

ನವೆಂಬರ್‌ನಲ್ಲಿ ಸದ್ದು ಶುರುವಾಯಿತು. ನಲವತ್ತರ ಸ್ಪೀಡಿಗೆ ಬಂದರೆ ಹಿಂದಿನಿಂದ ಸಣ್ಣಗೆ ‘ಊಂ...’ ಅಂತ. ಗ್ಯಾರೇಜಿಗೆ ಫೋನ್ ಮಾಡಿದೆ. “ಅದು ಮಡ್ ಟೈರ್ ಸೌಂಡು ಅಣ್ಣ, ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ” ಅಂದ. ನನಗೂ ಅದೇ ಬೇಕಿತ್ತು. ಅಡಿಕೆ ಕೊನೆ ಕೊಯ್ಲಿನ ಸಮಯ, ಜೀಪು ಬಿಟ್ಟು ಬರುವುದಕ್ಕೆ ಪುರುಸೊತ್ತು ಯಾರಿಗಿದೆ?

ಇಲ್ಲಿ ಒಂದು ವಿಷಯ ಹೇಳಬೇಕು. ನನಗೆ ಆಗ ಗೊತ್ತಿದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಟೈರಿನ ಸದ್ದು ರಸ್ತೆ ಬದಲಾದರೆ ಬದಲಾಗುತ್ತದೆ. ಹೊಸ ಟಾರಿನ ಮೇಲೆ ಒಂದು ಥರ, ಜಲ್ಲಿ ಎದ್ದ ರಸ್ತೆಯಲ್ಲಿ ಇನ್ನೊಂದು ಥರ. ಕ್ರೌನ್ ಪಿನಿಯನ್ ಸದ್ದಿಗೆ ರಸ್ತೆಯ ಹಂಗಿಲ್ಲ, ಅದು ನಿಮ್ಮ ಕಾಲಿನ ಮಾತು ಕೇಳುತ್ತದೆ. ಒಂದೇ ಸ್ಪೀಡಿನಲ್ಲಿ ಹೋಗುವಾಗ ಆಕ್ಸಿಲರೇಟರ್ ಒತ್ತಿ ನೋಡಿ, ಆಮೇಲೆ ಕಾಲು ತೆಗೆದು ನೋಡಿ. ಸದ್ದು ಏರಿಳಿದರೆ ಅಥವಾ ದನಿಯೇ ಬದಲಾದರೆ ಟೈರನ್ನು ಬೈಯಬೇಡಿ, ಹೌಸಿಂಗ್ ಬಿಚ್ಚಿಸಿ. ನನ್ನದು ಕಾಲು ತೆಗೆದ ಕೂಡಲೇ ‘ಊಂ’ ಹೋಗಿ ‘ಗರ್’ ಅನ್ನುತ್ತಿತ್ತು. ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ಡಿಸೆಂಬರ್ ಎರಡನೇ ವಾರ ಅಮ್ಮನ ಕಣ್ಣು ತೋರಿಸಲು ಕುಂದಾಪುರಕ್ಕೆ ಹೊರಟೆವು. ಮಾಸ್ತಿಕಟ್ಟೆ ದಾಟಿ ಹುಲಿಕಲ್‌ಗೆ ಬರುವಷ್ಟರಲ್ಲಿ ಸದ್ದು ಎಷ್ಟಿತ್ತೆಂದರೆ ಅಮ್ಮನೇ “ಇದೇನೋ, ಗಿರಣಿಯ ಥರ” ಅಂದಳು. ಘಾಟಿ ಇಳಿಯಲು ಎರಡನೇ ಗೇರಿಗೆ ಹಾಕಿದೆ. ಮೂರೋ ನಾಲ್ಕೋ ತಿರುವು ಆಗಿತ್ತು. ಅಡಿಯಲ್ಲಿ ‘ಢಣ್’ ಅಂತ ಒಂದು ಪೆಟ್ಟು. ಹಿಂದಿನ ಚಕ್ರ ಎರಡೂ ಒಮ್ಮೆಗೇ ಹಿಡಿದುಕೊಂಡವು. ಜೀಪಿನ ಹಿಂಭಾಗ ಕಣಿವೆಯ ಕಡೆ ಅರ್ಧ ಮಾರು ಜಾರಿತು. ಮತ್ತೆ ‘ಕಟಕಟಕಟ’ ಅಂತ ಹಲ್ಲು ಮುರಿಯುವ ಸದ್ದು. ಚಕ್ರ ಬಿಟ್ಟುಕೊಂಡಿತು. ಬ್ರೇಕ್ ಒತ್ತಿದೆ, ಗುಡ್ಡದ ಬದಿಯ ಧರೆಯ ಪಕ್ಕಕ್ಕೆ ನಿಂತಿತು.

ಅಸಲಿ ಹೆದರಿಕೆ ಆಮೇಲೆ ಶುರುವಾಯಿತು. ಹ್ಯಾಂಡ್ ಬ್ರೇಕ್ ಎಳೆದೆ. ಕಾಲು ತೆಗೆದೆ. ಜೀಪು ಮುಂದೆ ಹೊರಟಿತು! ಮತ್ತೆ ಬ್ರೇಕ್ ಒತ್ತಿ, ಗೇರಿಗೆ ಹಾಕಿ ಕಾಲು ಸಡಿಲಿಸಿದೆ. ಆಗಲೂ ಹೊರಟಿತು. ನನ್ನ ಜೀಪಿನ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರದ ಡ್ರಮ್ಮನ್ನಲ್ಲ, ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಅಲ್ಲಿಂದ ಹಿಂದಿನ ಹೌಸಿಂಗಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು. ಶಾಫ್ಟಿಗೂ ಚಕ್ರಕ್ಕೂ ಸಂಬಂಧವೇ ಕಡಿದುಹೋದ ಮೇಲೆ ಹ್ಯಾಂಡ್ ಬ್ರೇಕೂ ಇಲ್ಲ, ಗೇರೂ ಇಲ್ಲ. ಉಳಿದಿದ್ದು ನನ್ನ ಬಲಗಾಲು ಒಂದೇ. ಫೋರ್ ವ್ಹೀಲ್ ಲಿವರ್ ಹಾಕಿದ್ದರೆ ಮುಂದಿನ ಚಕ್ರವಾದರೂ ಹಿಡಿದುಕೊಳ್ಳುತ್ತಿತ್ತು ಅಂತ ಆಮೇಲೆ ಹೊಳೆಯಿತು. ಆ ಹೊತ್ತಿಗೆ ಏನೂ ತೋಚಲಿಲ್ಲ.

ಚಕ್ರಕ್ಕೆ ಕಲ್ಲು ಕೊಟ್ಟವಳು ಅಮ್ಮ. ಎಪ್ಪತ್ತು ದಾಟಿದ ಹೆಂಗಸು, ಮಂಜು ಮಂಜು ಕಣ್ಣು. ಸೀರೆ ಎತ್ತಿ ಕಟ್ಟಿಕೊಂಡು, ಧರೆಯಿಂದ ಉದುರಿದ ಕಲ್ಲು ಉರುಳಿಸಿಕೊಂಡು ಬಂದು ಮುಂದಿನ ಚಕ್ರದ ಬುಡಕ್ಕೆ ಒಂದು, ಹಿಂದಿನದಕ್ಕೆ ಒಂದು ಇಟ್ಟಳು. “ಈಗ ಬಿಡು ನೋಡುವ” ಅಂದಳು. ಬಿಟ್ಟೆ. ನಿಂತಿತು. ಇಳಿದಾಗ ನನ್ನ ಕಾಲು ನಡುಗುತ್ತಿತ್ತು.

ಅಮ್ಮನನ್ನು ಬಸ್ಸು ಹತ್ತಿಸಿ, ತಮ್ಮನಿಗೆ ಫೋನ್ ಮಾಡಿ, ಜೀಪಿನ ಹಿಂಭಾಗ ಎತ್ತಿ ಕಟ್ಟಿಸಿಕೊಂಡು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ಗೆ ಮುಟ್ಟಿಸುವಷ್ಟರಲ್ಲಿ ರಾತ್ರಿಯಾಗಿತ್ತು. ಅಲ್ಲಿ ಹಳೇ ಜೀಪಿನ ಕೆಲಸವನ್ನೇ ಮಾಡಿಕೊಂಡು ಬಂದ ವಯಸ್ಸಾದ ಮೇಸ್ತ್ರಿ ಒಬ್ಬರಿದ್ದಾರೆ. ಮಾರನೇ ದಿನ ಬೆಳಗ್ಗೆ ಅವರು ಅಡಿಗೆ ನುಗ್ಗಿ ಟಾರ್ಚ್ ಬಿಟ್ಟರು. ಒಂದು ನಿಮಿಷ ಸದ್ದಿಲ್ಲ. ಆಮೇಲೆ “ಸ್ವಾಮಿ, ಸ್ವಲ್ಪ ಇಲ್ಲಿ ಬನ್ನಿ” ಅಂದರು.

ಅವರು ತೋರಿಸಿದ್ದು ಎರಡು. ಮೊದಲನೆಯದು ಮುಂದಿನ ಹೌಸಿಂಗಿನ ಆಯಿಲ್ ಬಸಿಯುವ ಬೋಲ್ಟು. ಅದರ ಸುತ್ತ ನಮ್ಮೂರ ಕೆಂಪು ಮಣ್ಣು ಒಣಗಿ ಗಟ್ಟಿಯಾಗಿ ಕೂತಿತ್ತು. ಮಣ್ಣಿನ ಮೇಲೆ ತೆಳ್ಳಗೆ ಪಾಚಿಯ ಹಸಿರು. ಸ್ಪಾನರ್ ತಾಗಿದ ಒಂದು ಗೀರೂ ಇಲ್ಲ. “ಇದನ್ನು ವರ್ಷದಿಂದ ಯಾರೂ ಮುಟ್ಟಿಲ್ಲ” ಅಂದರು. ಬಿಲ್ಲು ನನ್ನ ಜೇಬಿನಲ್ಲೇ ಇತ್ತು!

ಎರಡನೆಯದು ಹಿಂದಿನ ಹೌಸಿಂಗಿನ ಮೇಲೆ. ಅಲ್ಲಿ ಬ್ರೀದರ್ ಅಂತ ಒಂದು ಸಣ್ಣ ತೂತಿನ ಮೊಳೆಯಂಥದ್ದು ಇರುತ್ತದೆ, ಗಾಳಿ ಆಡಲಿಕ್ಕೆ. ನನ್ನದರಲ್ಲಿ ಬ್ರೀದರೇ ಇರಲಿಲ್ಲ. ಅದರ ಜಾಗದಲ್ಲಿ ಒಂದು ಬೋಲ್ಟ್ ತಿರುಗಿಸಿ ಸುತ್ತ ಎಂ-ಸೀಲ್ ಮೆತ್ತಿದ್ದರು. ಆಗ ನೆನಪಾಯಿತು. ಹಿಂದಿನ ಬೇಸಿಗೆಯಲ್ಲಿ “ಮೇಲಿನಿಂದ ಆಯಿಲ್ ಜಿನುಗುತ್ತಿದೆ” ಅಂತ ನಾನೇ ಅದೇ ಗ್ಯಾರೇಜಿನಲ್ಲಿ ಹೇಳಿದ್ದೆ. “ಸರಿ ಮಾಡಿದೀನಿ ಅಣ್ಣ” ಅಂದಿದ್ದ ಹುಡುಗ. ಸರಿ ಮಾಡಿದ್ದು ಹೀಗೆ.

ಬಿಸಿ ಅನ್ನವನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿದರೆ ಮಧ್ಯಾಹ್ನ ಮುಚ್ಚಳ ಕಚ್ಚಿಕೊಂಡು ಬರುವುದೇ ಇಲ್ಲ, ಅಲ್ವಾ? ಇಲ್ಲೂ ಅದೇ ಕತೆ. ಹತ್ತಿಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಹೌಸಿಂಗ್ ಬಿಸಿಯಾಗಿರುತ್ತದೆ. ಹಾಗೇ ತಣ್ಣೀರಿನ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಬ್ರೀದರ್ ಮುಚ್ಚಿದ್ದರೆ ಎಳೆಯುವುದು ಆಯಿಲ್ ಸೋರದಂತೆ ತಡೆಯುವ ಆಯಿಲ್ ಸೀಲಿನ ಸಂದಿಯಿಂದ. ಆ ಹೊತ್ತಿನಲ್ಲಿ ಸೀಲಿನ ಹೊರಗೆ ಇರುವುದು ಹಳ್ಳದ ನೀರು. ಮೂರು ವಾರ, ದಿನಕ್ಕೆರಡು ಗುಟುಕು ಅಂತಲೇ ಲೆಕ್ಕ ಹಾಕಿ.

ಮೇಸ್ತ್ರಿ ಹಿಂದಿನ ಹೌಸಿಂಗಿನ ಮುಚ್ಚಳ ಸಡಿಲಿಸಿದರು. ಮೊದಲು ಬಂದಿದ್ದು ಆಯಿಲ್ ಅಲ್ಲ, ತುಕ್ಕು ಬಣ್ಣದ ನೀರು. ನೀರು ಭಾರ, ಅದು ತಳದಲ್ಲೇ ಕೂತಿರುತ್ತದೆ. ಆಮೇಲೆ ಇಳಿದಿದ್ದು ಹಾಲು ಹಾಕಿದ ಕಷಾಯದ ಬಣ್ಣದ ಲೋಳೆ. ಬೆರಳಲ್ಲಿ ಉಜ್ಜಿದರೆ ಜಿಡ್ಡೇ ಇಲ್ಲ. ಅದರ ಜೊತೆ ಪಿನಿಯನ್ನಿನ ಮೂರು ಹಲ್ಲು ತಟ್ಟೆಗೆ ‘ಟಣ್ ಟಣ್’ ಅಂತ ಬಿದ್ದವು. ಪಿನಿಯನ್ ಬೇರಿಂಗಿನ ರೋಲರ್‌ಗಳ ಮೇಲೆ ಸಿಡುಬಿನ ಕಲೆಯ ಹಾಗೆ ತುಕ್ಕಿನ ಗುಳಿಗಳು. ಬೇರಿಂಗ್ ಮೊದಲು ಸತ್ತಿದೆ, ಪಿನಿಯನ್ ಅಲುಗಾಡಿದೆ, ಹಲ್ಲಿಗೆ ಹಲ್ಲು ಸರಿಯಾಗಿ ಕೂರದೆ ಮುರಿದಿವೆ. ಸೆಪ್ಟೆಂಬರ್‌ನಲ್ಲೇ ಆಯಿಲ್ ಬಸಿದಿದ್ದರೆ ಬೇರಿಂಗ್ ಉಳಿಯುತ್ತಿತ್ತು ಅಂದರು. ಒಂದು ಹೌಸಿಂಗಿಗೆ ಒಂದೆರಡು ಲೀಟರ್ ಆಯಿಲ್ ಸಾಕು. ಅಷ್ಟು ಉಳಿಸಲು ಹೋಗಿ ಹಳೇ ಗ್ಯಾರೇಜಿನವರು ನನಗೆ 41,000 ರೂಪಾಯಿ ಕೈ ಕಚ್ಚಿಸಿದರು. ಜೊತೆಗೆ ಹದಿನೆಂಟು ದಿನ ಜೀಪಿಲ್ಲದೆ, ಕೊಯ್ಲಿನ ಮಧ್ಯೆ, ಪಿಕಪ್ ಬಾಡಿಗೆ ಬೇರೆ.

ಹಳೇ ಗ್ಯಾರೇಜಿಗೆ ಬ್ರೀದರ್ ಜಾಗದಲ್ಲಿದ್ದ ಆ ಬೋಲ್ಟು, ಬಿಲ್ಲು ಎರಡನ್ನೂ ತಗೊಂಡು ಹೋದೆ. ಜಗಳ ಮಾಡಬೇಕು ಅಂತಲೇ ಹೋಗಿದ್ದು. “ಆ ಹುಡುಗ ಈಗ ನಮ್ಮಲ್ಲಿಲ್ಲ ಅಣ್ಣ” ಅಂದರು. ಆಯಿಲ್ ದುಡ್ಡು ವಾಪಸ್ ಕೊಟ್ಟರು. ಕಾಫಿ ತರಿಸಿದರು. ಕುಡಿಯದೆ ಬಂದೆ.

ಈಗ ನಾನು ಮಾಡುವುದು ಹೇಳುತ್ತೇನೆ. ಹಳ್ಳ ದಾಟಿದ ಜೀಪನ್ನು ರಾತ್ರಿ ಸಮತಟ್ಟು ಜಾಗದಲ್ಲಿ ನಿಲ್ಲಿಸುತ್ತೇನೆ. ಬೆಳಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಹೌಸಿಂಗಿನ ತಳದ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ ಬಿಳಿ ಪಿಂಗಾಣಿ ಬಟ್ಟಲು ಹಿಡಿಯುತ್ತೇನೆ. ನಾಲ್ಕು ಹನಿ ಸಾಕು. ಮೊದಲ ಹನಿ ನೀರಾದರೆ ಅಥವಾ ಕಷಾಯವಾದರೆ ಅವತ್ತೇ ಪೂರ್ತಿ ಬಸಿಯುವುದು. ಕೆಲವು ಹೌಸಿಂಗಿಗೆ ತಳದಲ್ಲಿ ಬೋಲ್ಟೇ ಇರುವುದಿಲ್ಲ. ಅಂಥವರು ಪಕ್ಕದ ತುಂಬಿಸುವ ಬೋಲ್ಟ್ ತೆಗೆದು ತಂತಿ ಬಗ್ಗಿಸಿ ಒಳಗೆ ಅದ್ದಿ ನೋಡಿ. ಅದು ತಳದ ನೀರನ್ನು ತೋರಿಸದಿದ್ದರೂ ಬಣ್ಣ ತೋರಿಸುತ್ತದೆ. ಸಂಶಯ ಬಂದರೆ ಮುಚ್ಚಳ ಬಿಚ್ಚಿಸಬೇಕು, ಬೇರೆ ದಾರಿ ಇಲ್ಲ.

ಬ್ರೀದರ್‌ಗೆ ಮೇಸ್ತ್ರಿ ಒಂದು ಉಪಾಯ ಮಾಡಿಕೊಟ್ಟರು. ಐದಾರು ಅಡಿ ರಬ್ಬರ್ ಪೈಪು ಸಿಕ್ಕಿಸಿ, ಚಾಸಿ ಗುಂಟ ಮೇಲೆ ಬಾಡಿಯೊಳಗೆ ತಂದು, ತುದಿಗೆ ಬೈಕಿನ ಪ್ಲಾಸ್ಟಿಕ್ ಪೆಟ್ರೋಲ್ ಫಿಲ್ಟರ್ ಹಾಕಿದ್ದಾರೆ. ಹೌಸಿಂಗ್ ಮುಳುಗಿದರೂ ಅದರ ಮೂಗು ನೀರಿನ ಮೇಲೆ. ಎಲ್ಲ ಸೇರಿ ಇನ್ನೂರು ರೂಪಾಯಿಯೂ ಆಗಲಿಲ್ಲ. ಹಳ್ಳಕ್ಕೆ ಇಳಿಯುವ ಮೊದಲು ಹದಿನೈದು ನಿಮಿಷ ನಿಲ್ಲಿಸಿ ಹೌಸಿಂಗ್ ತಣ್ಣಗಾಗಲು ಬಿಡುವುದೂ ಒಳ್ಳೆಯದು. ಉಂಬಳ (ಜಿಗಣೆ) ಕಚ್ಚಿಸಿಕೊಂಡು ಅಷ್ಟು ಹೊತ್ತು ನಿಲ್ಲುವ ತಾಳ್ಮೆ ಇದ್ದರೆ.

ಸರ್ವಿಸ್‌ಗೆ ಬಿಟ್ಟರೆ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಹಳೇ ಆಯಿಲ್ ತಟ್ಟೆಗೆ ಬೀಳುವುದನ್ನು ನೋಡುತ್ತೇನೆ, ಬೋಲ್ಟಿನಿಂದ ಹೌಸಿಂಗಿನ ಮೇಲಕ್ಕೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಮೊದಲೇ ಎಳೆದಿರುತ್ತೇನೆ. ಬಿಚ್ಚಿದರೆ ಗೆರೆ ಕೂಡಿಕೊಳ್ಳುವುದಿಲ್ಲ. ಮೇಸ್ತ್ರಿಗೆ ಬೇಜಾರಾಗುತ್ತದೆ ಅಂತ ಮೊದಲು ಸಂಕೋಚ ಇತ್ತು. ಆಟೋ ಕಾಂಪ್ಲೆಕ್ಸಿನವರಿಗೆ ಇದನ್ನು ಹೇಳಿದಾಗ ನಕ್ಕು, ಪೇಂಟಿನ ಡಬ್ಬಿ ಅವರೇ ಕೊಟ್ಟರು.

ಜೀಪು ಈಗ ಚೆನ್ನಾಗಿದೆ, ಸದ್ದಿಲ್ಲ. ಅಮ್ಮ ಮಾತ್ರ ಇನ್ನೂ ಹತ್ತಿಲ್ಲ. ಕಣ್ಣಿನ ಆಪರೇಷನ್ನೂ ಆಯಿತು, ತಪಾಸಣೆಗೆ ಕುಂದಾಪುರಕ್ಕೆ ಬಸ್ಸಿನಲ್ಲೇ ಹೋಗಿ ಬರುತ್ತಾಳೆ.