ಘಾಟಿನ ಆಚೆಗೊಂದು ತುಂಡು: ಮುಂಬೈ–ಪುಣೆ ಹವಳ ಬ್ಯಾಕಪ್ ವಿನಿಮಯ ಹೇಗಿದೆ?

ಮುಂಬೈ ಕಡೆಯ ಡೊಂಬಿವಲಿ, ಮುಲುಂಡ್, ಪುಣೆ ಕಡೆಯ ಕೋಥರೂಡ್, ಚಿಂಚ್ವಡಗಳ ಕನ್ನಡಿಗ ರೀಫ್ ಹವ್ಯಾಸಿಗಳು, ಅಂದರೆ ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಹವಳ ಸಾಕುವವರು, ತಮ್ಮೊಳಗೇ ನಡೆಸುತ್ತಿರುವ ಏರ್ಪಾಡಿದು. ದುಡ್ಡಿನ ವ್ಯವಹಾರವಿಲ್ಲ. ಪ್ರತಿ ಹವಳದಿಂದ ಎರಡು ಫ್ರ್ಯಾಗ್ (ಬೆಳೆಸಲು ಕತ್ತರಿಸಿದ ತುಂಡು) ತೆಗೆದು ಒಂದನ್ನು ನಿಮ್ಮೂರಿನ ಇನ್ನೊಬ್ಬರಿಗೆ, ಇನ್ನೊಂದನ್ನು ಎರಡೂ ಊರುಗಳ ನಡುವಿನ ಬೋರ್ ಘಾಟಿನ ಆಚೆಯವರಿಗೆ ಕೊಡಬೇಕು. ನಿಮ್ಮದು ಕರಗಿಹೋದರೆ ಅವರು ಬೆಳೆಸಿದ್ದರಲ್ಲಿ ಒಂದು ತುಂಡು ನಿಮಗೆ ವಾಪಸ್. ಅಮೆರಿಕದ ರೀಫ್ ಕ್ಲಬ್ಬುಗಳಲ್ಲಿ ಡಿಬಿಟಿಸಿ ಅಂತ ಒಂದು ಪದ್ಧತಿಯಿದೆ: ಪುಕ್ಕಟೆ ಸಿಕ್ಕಿದ್ದನ್ನು ಬೆಳೆಸಿ, ಪುಕ್ಕಟೆಯಾಗಿಯೇ ಮುಂದಿನವರಿಗೆ ದಾಟಿಸಬೇಕು. ಇದೂ ಅದೇ ಜಾತಿಯದು, ಆದರೆ ಇಲ್ಲಿ ಲೆಕ್ಕ ಮೊದಲು ಕೊಟ್ಟವರ ಹೆಸರಿನಲ್ಲೇ ಉಳಿಯುತ್ತದೆ.

ಘಾಟ್ ದಾಟಿಸುವ ಆ ಒಂದು ನಿಯಮಕ್ಕಾಗಿಯೇ ಸೇರಬಹುದು. ಎರಡು ಟ್ಯಾಂಕುಗಳು ಒಂದೇ ಕಾರಣಕ್ಕೆ ಸಾಯುವಂತಿದ್ದರೆ ಬ್ಯಾಕಪ್ಪಿಗೆ ಅರ್ಥವಿಲ್ಲ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಗ್ರಿಡ್ ಕೈಕೊಟ್ಟಾಗ ಮುಂಬೈ, ಠಾಣೆ, ನವಿ ಮುಂಬೈಗಳಲ್ಲಿ ಒಟ್ಟಿಗೇ ಕರೆಂಟ್ ಹೋಯಿತು. ಅಂಥ ದಿನ ಮುಲುಂಡಿನವರ ಬ್ಯಾಕಪ್ ಡೊಂಬಿವಲಿಯಲ್ಲಿದ್ದು ಏನು ಪ್ರಯೋಜನ? ಹವೆಯೂ ಬೇರೆ. ಪುಣೆಯ ಒಣ ಬೇಸಿಗೆಯಲ್ಲಿ ನೀರಿನ ಮೇಲೆ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಅಲ್ಲಿನ ಅಪಾಯ ಆವಿ: ಟಾಪ್‌ಅಪ್ (ಆವಿಯಾದಷ್ಟು ಸಿಹಿನೀರು ತುಂಬುವುದು) ತಪ್ಪಿದರೆ ಉಪ್ಪಿನಂಶ ಏರುತ್ತದೆ. ಮುಂಬೈನ ಜೂನ್ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ನೀರು ಆವಿಯಾಗುವುದೇ ಕಡಿಮೆ. ಫ್ಯಾನ್ ಸದ್ದು ಮಾಡುತ್ತದೆ ಅಷ್ಟೇ, ನೀರು ತಂಪುಮಾಡುವ ಚಿಲ್ಲರ್ ಬೇಕೇ ಬೇಕು.

ಇಲ್ಲಿ ಓಡಾಡುವುದು ಮೆತ್ತನೆಯ ಹವಳಗಳು ಮಾತ್ರ: ಜೋವಾಂಥಿಡ್ (ಜೋವಾ), ಮಶ್ರೂಮ್, ಲೆದರ್, ಝೀನಿಯಾ. ಕಲ್ಲುಹವಳವನ್ನೂ ಸೀ ಫ್ಯಾನನ್ನೂ ಮುಟ್ಟುವುದಿಲ್ಲ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಕಲ್ಲುಹವಳಗಳು ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಪಟ್ಟಿಯಲ್ಲೂ ಇವೆ. ಬೆರಳುಗಾತ್ರದ ತುಂಡೂ ಹವಳವೇ. ಇಲ್ಲಿನವರ ಬಿಗಿ ಸರಿಯಾಗಿದೆ.

ಕತ್ತರಿಸುವ ವಿಷಯದಲ್ಲಿ ಹೊಸಬರಿಗೆ ಸಿಗುವ ಮಾರ್ಗದರ್ಶನ ಚೆನ್ನಾಗಿದೆ. ಜೋವಾಗೆ ಸ್ಕಾಲ್ಪೆಲ್ ಬೇಕು. ಪಾಲಿಪ್ (ಹೂವಿನಂತೆ ಅರಳುವ ಒಂದೊಂದು ತಲೆ) ಕೊಯ್ಯದೆ, ಅವುಗಳ ನಡುವಿನ ಚಾಪೆಯಂಥ ಪದರವನ್ನು ಸೀಳಿ ಐದಾರು ತಲೆಗಳ ತುಂಡು ಎಬ್ಬಿಸಬೇಕು. ಕೈಗವಸು, ಕನ್ನಡಕ ಕಡ್ಡಾಯ. ಇವುಗಳಲ್ಲಿ, ಅದರಲ್ಲೂ ಪ್ಯಾಲಿಥೋವಾಗಳಲ್ಲಿ, ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವಿರಬಹುದು. ಅವು ಅಂಟಿದ ಕಲ್ಲನ್ನು ಕುದಿಸುವುದಾಗಲಿ, ಬಿಸಿನೀರು ಸುರಿದು ಉಜ್ಜುವುದಾಗಲಿ ಸಲ್ಲದು, ಹಬೆಯಲ್ಲೂ ವಿಷ ಬರುತ್ತದೆ. ತುಂಡಿನ ತಳವನ್ನು ಟಿಶ್ಯೂ ಮೇಲೆ ಒತ್ತಿ ಆರಿಸಿ, ದಪ್ಪ ಜೆಲ್ ಸೈನೊಆಕ್ರಿಲೇಟ್ ಅಂಟಿನಿಂದ ಪ್ಲಗ್ಗಿಗೆ (ತುಂಡು ಅಂಟಿಸುವ ಪುಟ್ಟ ಬಿಲ್ಲೆ) ಕೂರಿಸಿ, ಅರ್ಧ ನಿಮಿಷ ಬಿಟ್ಟು ನೀರಿಗಿಳಿಸಿ. ನೀರಿನಂಥ ತೆಳು ಅಂಟು ಹರಿದು ಪಾಲಿಪ್ಪಿನ ಬಾಯಿ ಮುಚ್ಚುತ್ತದೆ.

ಮಶ್ರೂಮ್‌ಗೆ ಅಂಟು ಹಾಕಿ ಒದ್ದಾಡಬೇಡಿ, ಲೋಳೆಯ ಮೇಲೆ ಅದು ನಿಲ್ಲುವುದೇ ಇಲ್ಲ. ಬ್ಲೇಡಿನಿಂದ ಬಾಯಿಯ ಮೇಲೆ ಹಾಯುವಂತೆ ಎರಡು ಹೋಳು ಮಾಡಿ, ಕಲ್ಲಿನ ಚೂರು ತುಂಬಿದ ಡಬ್ಬಿಗೆ ಹಾಕಿ, ಮೇಲೆ ಬಲೆ ಕಟ್ಟಿ, ನೀರಿನ ಓಟ ಕಡಿಮೆಯಿರುವ ಮೂಲೆಯಲ್ಲಿಡಿ. ಒಂದೆರಡು ವಾರದಲ್ಲಿ ತಾವೇ ಕಚ್ಚಿಕೊಳ್ಳುತ್ತವೆ. ಲೆದರ್ ಕತ್ತರಿಸಿದ ದಿನ ಸಂಪ್‌ನಲ್ಲಿ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಹೊಸ ಆಕ್ಟಿವೇಟೆಡ್ ಕಾರ್ಬನ್ ಇರಲಿ, ಗಾಯದಿಂದ ಒಸರುವ ರಾಸಾಯನಿಕ ಪಕ್ಕದ ಹವಳಗಳನ್ನು ಕುಗ್ಗಿಸುತ್ತದೆ.

ಏರ್ಪಾಡಿನ ದುರ್ಬಲ ಜಾಗ ಕ್ವಾರಂಟೈನ್. ನಿಯಮದಲ್ಲಿ ಇದೆ, ನೋಡುವವರಿಲ್ಲ. ಡಿಪ್ ಎಲ್ಲರೂ ಮಾಡುತ್ತಾರೆ: ಟ್ಯಾಂಕಿನ ನೀರಿಗೆ ಲೇಬಲ್ಲಿನ ಅಳತೆಯಷ್ಟು ಹುಳನಾಶಕ ದ್ರಾವಣ ಬೆರೆಸಿ ಫ್ರ್ಯಾಗ್ ಅದ್ದುವುದು, ಐದರಿಂದ ಹತ್ತು ನಿಮಿಷ, ಪಿಪೆಟ್ಟಿನಿಂದ ನೀರು ಚಿಮ್ಮಿಸಿ ಹುಳ ಉದುರಿಸುವುದು, ಬೇರೆ ಬಟ್ಟಲಲ್ಲಿ ತೊಳೆದು ಡಿಪ್ ನೀರನ್ನು ಚೆಲ್ಲುವುದು. ಆದರೆ ಡಿಪ್ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಜೋವಾ ತಿನ್ನುವ ನ್ಯೂಡಿಬ್ರ್ಯಾಂಕ್ (ಚಿಪ್ಪಿಲ್ಲದ ಕಡಲ ಹುಳ) ಮೊಟ್ಟೆ ಇಡುವುದು ಪಾಲಿಪ್ಪಿನ ಬುಡದಲ್ಲಿ, ಪ್ಲಗ್ಗಿನ ಅಡಿಯಲ್ಲಿ. ಬಂದ ಪ್ಲಗ್ ಎಸೆದು ಹೊಸದಕ್ಕೆ ಕೂರಿಸಿ, ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಡಿಪ್ ಮಾಡಿದರೆ ಮಾತ್ರ ನೆಮ್ಮದಿ. ಮೀನಿನ ಬಿಳಿಚುಕ್ಕೆ ರೋಗವೂ ಪ್ಲಗ್ ಮೇಲೆ ಗೂಡುಕಟ್ಟಿ ಬರುತ್ತದೆ. ಅದಕ್ಕೆ ಮೀನಿಲ್ಲದ ತೊಟ್ಟಿಯಲ್ಲಿ 76 ದಿನ ಎಂಬುದು ಹವ್ಯಾಸಿಗಳ ರೂಢಿ. ಒಂದು ಹೀಟರ್, ಸಣ್ಣ ಪಂಪು, ಸಾಧಾರಣ ಲೈಟ್ ಇರುವ 20 ಲೀಟರಿನ ತೊಟ್ಟಿ ಸಾಕು. ಅಷ್ಟೂ ಇಟ್ಟುಕೊಳ್ಳಲಾಗದವರನ್ನು ಸೇರಿಸಿಕೊಳ್ಳಬಾರದು.

ಸಾಗಣೆಗೆ ದೂರು ಕಡಿಮೆ. ಶಿವನೇರಿ ಬಸ್ಸಿನಲ್ಲೋ ಡೆಕ್ಕನ್ ಕ್ವೀನ್‌ನಲ್ಲೋ ಬರುವವರ ಕೈಯಲ್ಲಿ ಥರ್ಮೊಕೋಲ್ ಡಬ್ಬಿ ಬರುತ್ತದೆ, ಕೊರಿಯರ್ ಇಲ್ಲ. ಪ್ಲಗ್ಗನ್ನು ಫೋಮ್ ಬಿಲ್ಲೆಗೆ ಸಿಕ್ಕಿಸಿ ತಲೆಕೆಳಗಾಗಿ ತೇಲಿಸುತ್ತಾರೆ, ಪಾಲಿಪ್ ಚೀಲಕ್ಕೆ ಉಜ್ಜುವುದಿಲ್ಲ. ಎರಡು ಪದರದ ಚೀಲ, ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ. ಲೆದರ್‌ಗೆ ಬೇರೆಯದೇ ಚೀಲ. ಕತ್ತರಿಸಿದ ದಿನವೇ ಕಳಿಸುವಂತಿಲ್ಲ, ಗಾಯ ಮಾಗಲು ಎರಡು ವಾರ ಬೇಕು. ಮಳೆಗಾಲದಲ್ಲಿ ಘಾಟಿನಲ್ಲಿ ಗುಡ್ಡ ಜರಿದು ನಾಲ್ಕು ಗಂಟೆಯ ದಾರಿ ಹತ್ತಾದರೂ ಜೋವಾ, ಮಶ್ರೂಮ್ ತಡೆದುಕೊಳ್ಳುತ್ತವೆ. ಝೀನಿಯಾ ತಡೆಯುವುದಿಲ್ಲ, ಕೊಳೆತು ನಾರುತ್ತದೆ. ಅದನ್ನೂ ಪಟ್ಟಿಗೆ ಸೇರಿಸಿದ್ದು ಯಾರ ಬುದ್ಧಿಯೋ!

ಲೇಬಲ್ ಇನ್ನೂ ಸುಧಾರಿಸಬೇಕು. ಹೆಸರು, ತಾರೀಖು ಸಾಲದು. ಕೊಟ್ಟವರ ಟ್ಯಾಂಕಿನ ಉಪ್ಪಿನಂಶ, ಕೆಎಚ್ (ನೀರಿನ ಕ್ಷಾರತೆ), ಲೈಟಿನಿಂದ ಎಷ್ಟು ಕೆಳಗಿತ್ತು, ಇವೂ ಬೇಕು. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಇಬ್ಬರೂ 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು) ದ್ರಾವಣದಲ್ಲೇ ಸರಿಹೊಂದಿಸಿರಬೇಕು. ಆರ್‌ಓ ನೀರಿಗೆ ಸೊನ್ನೆ ತೋರಿಸುವ ಉಪಕರಣ 35ರ ಹತ್ತಿರ ಎರಡು ಅಂಕ ತಪ್ಪಿರಬಹುದು. ಫ್ರ್ಯಾಗ್ ಬಂದ ಮೊದಲ ವಾರ ತಳದಲ್ಲೇ ಇರಲಿ. ಮೇಲಿನ ಬೆಳಕಿಗೆ ಒಮ್ಮೆಲೇ ಒಡ್ಡಿದರೆ ಮಶ್ರೂಮ್ ಬಿಳಿಚಿಕೊಳ್ಳುತ್ತದೆ.

ವಾಪಸ್ ಕೊಡುವುದರಲ್ಲಿ ಯಾರೂ ಜಿಪುಣರಲ್ಲ. ಕೇಳುವವರಿಗೇ ಅವಸರ. ಟ್ಯಾಂಕ್ ಕುಸಿದ ವಾರವೇ ಫೋನು ಮಾಡುತ್ತಾರೆ, ಬಂದ ತುಂಡೂ ಅದೇ ನೀರಿನಲ್ಲಿ ಸಾಯುತ್ತದೆ. ಅಮೋನಿಯಾ ಸೊನ್ನೆಗಿಳಿದು, ಉಪ್ಪಿನಂಶ ಮತ್ತು ಕೆಎಚ್ ಎರಡು ವಾರ ಅಲುಗಾಡದೆ ನಿಂತ ಮೇಲೆ ಕೇಳಿ. ಆಗಲೂ ಮೊದಲು ಅಗ್ಗದ ಜೋವಾದ ಒಂದೇ ಪ್ಲಗ್ ತರಿಸಿ, ಅದು ದಿನವೂ ಅರಳುತ್ತಿದ್ದರೆ ಉಳಿದವನ್ನು ತರಿಸಿಕೊಳ್ಳಿ.