ಪಾರ್ಕಿಂಗ್ ಬ್ರೇಕ್ ಕೆಟ್ಟಿದೆ: ಮೋಟಾರ್ ಸಾಕಾ, ಇಡೀ ಕ್ಯಾಲಿಪರ್ ಬೇಕಾ?

ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕಿನ ಸ್ವಿಚ್ ಎಳೆದರೆ ಒಂದು ಚಕ್ರದಲ್ಲಿ ಮಾತ್ರ 'ಗುಂಯ್' ಅನ್ನುತ್ತದೆ, ಇನ್ನೊಂದು ಸುಮ್ನೆ ಕೂತಿದೆ. ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ. ಗ್ಯಾರೇಜಿನವರು ಎರಡು ದಾರಿ ಹೇಳುತ್ತಾರೆ: ಬ್ರೇಕ್ ಬಿಗಿಸುವ ಮೋಟಾರ್ ಮಾತ್ರ ಬದಲಿಸುವುದು, ಇಲ್ಲವೇ ಇಡೀ ಕ್ಯಾಲಿಪರ್ (ಬ್ರೇಕ್ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ) ಬದಲಿಸುವುದು. ಅದಕ್ಕೂ ಮೊದಲು ಬ್ಯಾಟರಿ ನೋಡಿಸಿ. 12 ವೋಲ್ಟ್‌ಗಿಂತ ಕೆಳಗಿದ್ದರೆ ತಪ್ಪು ಬ್ರೇಕಿನದ್ದಲ್ಲದೆಯೂ ಇರಬಹುದು. ಚಕ್ರದ ಹತ್ತಿರದ ಕನೆಕ್ಟರ್ ಬಿಚ್ಚಿದಾಗ ಪಿನ್ ಮೇಲೆ ಹಸಿರು ಕಿಲುಬು ಕಂಡರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಕರೆಂಟ್ ಬರುತ್ತಿದೆ, ಆದರೂ ಮೋಟಾರ್ ತಿರುಗುತ್ತಿಲ್ಲವಾ? ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮೋಟಾರಿನ ಬೋಲ್ಟ್ ಬಿಚ್ಚಿಸಿ. ಕ್ಯಾಲಿಪರ್ ಒಳಗಿನ ಸ್ಪಿಂಡಲ್ಲನ್ನು, ಅಂದರೆ ಮೋಟಾರ್ ತಿರುಗಿಸುವ ಸ್ಕ್ರೂವನ್ನು, ಸಾಕೆಟ್ ಹಾಕಿ ಕೈಯಲ್ಲೇ ತಿರುಗಿಸಿ ನೋಡಲಿ. ಸಲೀಸಾಗಿ ತಿರುಗಿದರೆ ಮೋಟಾರ್ ಬದಲಿಸಿದರೆ ಸಾಕು. ಬ್ರೇಕ್ ಆಯಿಲ್ ಮುಟ್ಟೋದಿಲ್ಲ, ಗಾಳಿ ತೆಗೆಯುವ ರಗಳೆ ಇಲ್ಲ, ದುಡ್ಡೂ ಉಳಿಯುತ್ತದೆ.

ಸ್ಪಿಂಡಲ್ ಜಾಮ್ ಆಗಿದ್ದರೆ ಅಥವಾ ಪ್ಯಾಡ್ ಒತ್ತುವ ಪಿಸ್ಟನ್ ತುಕ್ಕು ಹಿಡಿದಿದ್ದರೆ ಇಡೀ ಕ್ಯಾಲಿಪರ್ರೇ ಸರಿ. ಅಲ್ಲಿ ಬರೀ ಹೊಸ ಮೋಟಾರ್ ಹಾಕಿದರೆ ಅದೂ ತಿಣುಕಾಡಿ ಕೆಡುತ್ತದೆ. ಖರ್ಚು ಜಾಸ್ತಿ, ಬ್ಲೀಡಿಂಗ್ (ಬ್ರೇಕ್ ಆಯಿಲ್‌ನಿಂದ ಗಾಳಿ ತೆಗೆಯುವುದು) ಕೂಡ ಆಗಲೇಬೇಕು. ಆದರೆ ಬ್ರೇಕಿನ ವಿಷಯದಲ್ಲಿ ಚೌಕಾಸಿ ಬೇಡ ಅಲ್ವಾ?

ಈ ಲೆಕ್ಕ ಕ್ಯಾಲಿಪರ್ ಮೇಲೇ ಮೋಟಾರ್ ಇರುವ ಕಾರುಗಳಿಗೆ. ಕೇಬಲ್ ಎಳೆಯುವ ಬಗೆಯದು ಬೇರೆ ಕತೆ. ಇನ್ನು, ಸ್ಪಿಂಡಲ್ ತಿರುಗಿಸಿ ನೋಡದೆಯೇ 'ಇಡೀ ಸೆಟ್ ಹೋಗಿದೆ' ಅನ್ನುವ ಮೆಕ್ಯಾನಿಕ್‌ನನ್ನು ನಾನಂತೂ ನಂಬುವುದಿಲ್ಲ.