ಟೇಕಲ್ ಸ್ಟೇಷನ್ ಹತ್ತಿರದ ತಾತನ ಗಾಡಿ ಸ್ಟ್ಯಾಂಡ್

ಕೋಲಾರ ಜಿಲ್ಲೆಯ ಟೇಕಲ್‌ನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗೋರು ಗಾಡಿ ಎಲ್ಲಿ ಬಿಡೋದು ಅಂತ ಕೇಳುತ್ತಲೇ ಇರುತ್ತಾರೆ. ನಾನು ನಾಲ್ಕು ವರ್ಷದಿಂದ ಸ್ಟೇಷನ್ ಹತ್ತಿರ, ಹುಣಸೆಮರದ ಪಕ್ಕದ ಸ್ಟ್ಯಾಂಡಿನಲ್ಲಿ ಬಿಡುತ್ತಿದ್ದೇನೆ. ಬೋರ್ಡಿಲ್ಲ. ತಾತನ ಸ್ಟ್ಯಾಂಡ್ ಎಲ್ಲಿ ಅಂದರೆ ಯಾರಾದರೂ ಕೈ ತೋರಿಸುತ್ತಾರೆ. ಐದು ಸ್ಟಾರಿಗೆ ನಾಲ್ಕೂವರೆ ಕೊಡುತ್ತೇನೆ, ಆ ಅರ್ಧ ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ಸುತ್ತ ಕಲ್ಲುಕೂಚ, ಅಂದರೆ ಕಲ್ಲಿನ ಕಂಬ, ನೆಟ್ಟು ಅರ್ಧ ಜಾಗಕ್ಕೆ ಶೀಟು ಹೊದಿಸಿದ್ದಾರೆ. ಒಳಗೆ ಹೋದ ತಕ್ಷಣ ತಾತ ಒಂದು ಅಲ್ಯೂಮಿನಿಯಂ ಬಿಲ್ಲೆ ಕೊಡುತ್ತಾರೆ, ಅದೇ ನಂಬರಿನ ಇನ್ನೊಂದು ಹ್ಯಾಂಡಲ್‌ಗೆ ನೇತುಬೀಳುತ್ತದೆ. ನನ್ನದು 47. ಕೈಯಿಂದ ಕೈಗೆ ಹೋಗಿ ಹೋಗಿ ಆ ಏಳು ಸವೆದು ಒಂದರ ಥರ ಕಾಣುತ್ತದೆ. ಬಿಲ್ಲೆ ಕೊಡುವಾಗ ತಾತ ತಪ್ಪದೇ ಕೇಳೋ ಪ್ರಶ್ನೆ ಒಂದೇ: "ಸಂಜೆ ಯಾವುದಕ್ಕಪ್ಪಾ?" ಮೊದಲ ದಿನ ನನಗೆ ಅರ್ಥ ಆಗಲಿಲ್ಲ, ಸುಮ್ನೆ ಮಾತಿಗೆ ಕೇಳುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು. ಸಂಜೆ ಮೊದಲ ಟ್ರೈನಿಗೆ ಬರೋರ ಗಾಡಿ ಮುಂದಿನ ಸಾಲಿಗೆ, ಅದರ ಮುಂದಿನ ಟ್ರೈನಿನವರದು ಮಧ್ಯಕ್ಕೆ, ಕೊನೆಯವರದು ಗೋಡೆಗೆ ಒತ್ತಿ. ಮಧ್ಯಾಹ್ನ ಊಟ ಆದಮೇಲೆ ತಾತ ಮತ್ತು ಅವರ ಸೊಸೆ ಇಬ್ಬರೇ ಒಂದೊಂದು ಗಾಡಿಯ ಹಿಂದಿನ ಚಕ್ರ ಎತ್ತಿ ಜರುಗಿಸಿ ಸಾಲು ಮಾಡುತ್ತಾರೆ. ರಜಾ ಹಾಕಿದ ಒಂದು ದಿನ ಇದನ್ನು ಕೂತು ನೋಡಿದೆ. ಆ ಅಕ್ಕ ನಂಬರ್ ಕೂಗುತ್ತಾರೆ, ತಾತ ಯಾವ ಸಾಲು ಅಂತ ಹೇಳುತ್ತಾರೆ. ಚೀಟಿ ಇಲ್ಲ, ಪುಸ್ತಕ ಇಲ್ಲ. ನೂರಕ್ಕೂ ಜಾಸ್ತಿ ಗಾಡಿ, ಅಷ್ಟೂ ಜನರ ಡ್ಯೂಟಿ ಟೈಮು ತಾತನಿಗೆ ಬಾಯಿಪಾಠ. ಅದಕ್ಕೇ ಸಂಜೆ ಇನ್ನೂರು ಜನ ಒಟ್ಟಿಗೆ ಇಳಿದರೂ ನಾವು ಎರಡು ನಿಮಿಷದಲ್ಲಿ ರೋಡಿಗೆ ಬಂದಿರುತ್ತೇವೆ. ಮುಂಚೆ ನಾನು ಬೇರೆ ಊರಿನ ದೊಡ್ಡ ಸ್ಟ್ಯಾಂಡೊಂದರಲ್ಲಿ ಬಿಡುತ್ತಿದ್ದೆ. ಗಾಡಿ ಎಳೆಯೋಕೇ ಕಾಲು ಗಂಟೆ, ವಾರಕ್ಕೊಮ್ಮೆ ಪೆಟ್ರೋಲೂ ಇಳಿದಿರುತ್ತಿತ್ತು.

ಈ ಸ್ಟ್ಯಾಂಡಿನಲ್ಲಿ ಯಾರ ಗಾಡಿ ನಿಂತಿದೆ ಅಂತ ನೋಡಿದರೆ ನಮ್ಮ ಹೋಬಳಿಯ ಕಥೆಯೇ ಗೊತ್ತಾಗುತ್ತದೆ. ರೈಲು ಬರೋಕೆ ಎಷ್ಟೋ ಮುಂಚೆಯೇ ಟೇಕಲ್ ಹೆಸರು ಮಾಡಿದ ಊರು. ವಿಜಯನಗರದ ಕಾಲದ ವರದರಾಜಸ್ವಾಮಿ ದೇವಸ್ಥಾನ ಇದೆ, ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ ನಿಂತ ಬಂಡೆ ಗುಡ್ಡಗಳಿವೆ. ಆ ಕಲ್ಲೇ ಇಲ್ಲಿಯ ಎಷ್ಟೋ ಮನೆಗಳಿಗೆ ಅನ್ನ ಹಾಕಿದ್ದು. ಚಪ್ಪಡಿ, ಸೈಜುಕಲ್ಲು, ಕೂಚ ಎಲ್ಲ ಇಲ್ಲೇ ಸೀಳಿ ಕಳಿಸುತ್ತಿದ್ದರು. ತಾತನ ಅಪ್ಪನೂ ಕಲ್ಲು ಕೆಲಸದವರೇ, ಸ್ಟ್ಯಾಂಡಿನ ಕೂಚಗಳಲ್ಲಿ ಕೆಲವು ಅವರು ಸೀಳಿದ್ದು ಅಂತ ತಾತ ಮುಟ್ಟಿ ತೋರಿಸುತ್ತಾರೆ. ಒಂದರಲ್ಲಿ ಉಳಿ ಇಟ್ಟ ಗುಳಿಗಳ ಸಾಲು ಇನ್ನೂ ಹಾಗೇ ಇದೆ.

ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟಿಗೆ ರೈಲು ಶುರುವಾಗಿದ್ದು 1864ರಲ್ಲಿ, ನಾವು ದಿನಾ ಹೋಗೋದು ಅದೇ ದಾರಿಯಲ್ಲಿ. ಮೂವತ್ತು ವರ್ಷ ಆದಮೇಲೆ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ, ಅಂದರೆ ಚಿನ್ನದ ಗಣಿಗೆ, ಕವಲು ಹಾಕಿದರು. ತಾತ ಶುರು ಮಾಡಿದಾಗ ಇದು ಬರೀ ಸೈಕಲ್ ಸ್ಟ್ಯಾಂಡು. ಹಾಲಿನವರು, ಹೂವಿನವರು, ಒಬ್ಬಿಬ್ಬರು ಸರ್ಕಾರಿ ಕೆಲಸದವರು, ಅಷ್ಟೇ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್ ಜನ ಕೆಲಸಕ್ಕೆ ಬೆಂಗಳೂರನ್ನೇ ನಂಬಬೇಕಾಯಿತು, ಬೆಳಗಿನ ಟ್ರೈನು ಮಾರಿಕುಪ್ಪಂನಲ್ಲೇ ತುಂಬಿ ಬರತೊಡಗಿತು. ನಮಗೆ ಸೀಟು ಸಿಗೋದು ಅಪರೂಪ. ಆದರೂ ಆ ಅಣ್ಣಂದಿರು ಸ್ವಲ್ಪ ಜರುಗಿ, "ಬಾ ತಮ್ಮಾ, ಕೂತ್ಕೋ" ಅಂತ ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ಕೂರಿಸಿಕೊಳ್ಳುತ್ತಾರೆ. ನಾನು ತಮಿಳು ಕಲಿತದ್ದು ಹಾಗೆ. ಇತ್ತ ಸ್ಟ್ಯಾಂಡಿಗೆ ಬಂದರೆ ತಾತ ಬೈಯೋದು ತೆಲುಗಿನಲ್ಲಿ, ಲೆಕ್ಕ ಹಾಕೋದು ಕನ್ನಡದಲ್ಲಿ. ನಮ್ಮ ಕೋಲಾರದ ಕಡೆ ಹೀಗೇ ಅಲ್ವಾ.

ಈಚಿನ ದೊಡ್ಡ ಬದಲಾವಣೆ ಮೆಟ್ರೋ. 2023ರ ಮಾರ್ಚಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ಬಂತು, ಅಕ್ಟೋಬರಲ್ಲಿ ಬೈಯಪ್ಪನಹಳ್ಳಿ ತುಂಡೂ ಸೇರಿಕೊಂಡಿತು. ಈಗ ವೈಟ್‌ಫೀಲ್ಡ್‌ನಲ್ಲಿ ಇಳಿದು ಮೆಟ್ರೋ ಹಿಡಿದರೆ ಇಂದಿರಾನಗರ, ಎಂ.ಜಿ. ರೋಡ್ ಎಲ್ಲ ಸಲೀಸು. ನನ್ನ ಚಿಕ್ಕಪ್ಪನ ಮಗ ಆರು ವರ್ಷ ಪಿಜಿಯಲ್ಲಿದ್ದವನು ರೂಮು ಬಿಟ್ಟು ಊರಿಗೇ ಬಂದುಬಿಟ್ಟ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಸ್ನಾನ ಮಾಡಿ, ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಸ್ಟ್ಯಾಂಡಿಗೆ ಬರುತ್ತಾನೆ. ರಾತ್ರಿ ಚಿಕ್ಕಮ್ಮನ ಕೈಯ ಮುದ್ದೆ, ಬಸ್ಸಾರು. ಅವನ ಮುಖದಲ್ಲಿ ಕಳೆ ಬಂದಿದೆ. ಅಂಥ ಹುಡುಗರ ಗಾಡಿಗಳೇ ಈಗ ಒಂದು ಸಾಲು ಆಗುತ್ತವೆ. ಹಗಲು ಊರಲ್ಲಿ ವಯಸ್ಸಾದವರು ಮತ್ತು ಸ್ಕೂಲು ಮಕ್ಕಳೇ ಜಾಸ್ತಿ ಕಾಣುತ್ತಾರೆ ಅನ್ನೋದು ನಿಜ, ಆದರೆ ರಾತ್ರಿ ಮನೆಗಳಲ್ಲಿ ಲೈಟ್ ಉರಿಯುತ್ತದೆ. ಮೊದಲು ಎಷ್ಟೋ ಮನೆಗಳಿಗೆ ಬೀಗ ಇತ್ತು.

ಈಗ ಆ ಅರ್ಧ ಸ್ಟಾರಿನ ವಿಷಯ. ಶೀಟಿಲ್ಲದ ಕಡೆ ಮಳೆಗಾಲದಲ್ಲಿ ಕೆಸರು, ಸೈಡ್ ಸ್ಟ್ಯಾಂಡ್ ಇಳಿದು ಗಾಡಿ ವಾಲುತ್ತದೆ. ಹೆಲ್ಮೆಟ್ ಇಡೋಕೆ ಜಾಗ ಇಲ್ಲ. ಕಳೆದ ವರ್ಷ ಒಂದು ರಾತ್ರಿ ಟ್ರೈನು ತುಂಬಾ ತಡವಾಯಿತು, ಇಳಿದು ನೋಡಿದರೆ ಗೇಟಿಗೆ ಚೈನು, ತಾತ ಮನೆಗೆ ಹೋಗಿದ್ದರು. ಮಳೆಯಲ್ಲಿ ನಮ್ಮ ಹಳ್ಳಿಗೆ ನಡೆದೇ ಹೋದೆ. ಸಿಟ್ಟು ಬಂದಿತ್ತು, ಮಾರನೇ ದಿನ ಹೇಳಿಯೂ ಹೇಳಿದೆ. ತಾತ ಮಾತು ಬೆಳೆಸಲಿಲ್ಲ. ಅವತ್ತಿನಿಂದ ಟ್ರೈನು ತಡ ಆದರೆ ಉಳಿದ ಗಾಡಿಗಳನ್ನು ಎದುರಿನ ಟೀ ಅಂಗಡಿ ಜಗಲಿಗೆ ತಂದು ನಿಲ್ಲಿಸಿ, ಸೀಟಿನ ಮೇಲೆ ಗೊಬ್ಬರದ ಚೀಲ ಹೊದಿಸಿ ಹೋಗುತ್ತಾರೆ. ಗೇಟಿನ ತೊಂದರೆ ಆಮೇಲೆ ಒಂದು ಸಲವೂ ಆಗಿಲ್ಲ, ಶೀಟು ಮಾತ್ರ ಇನ್ನೂ ಬಾಕಿ.

ದಿನಕ್ಕೆ 15 ರೂಪಾಯಿ, ತಿಂಗಳಿಗೆ 300. ಸೈಕಲ್ಲಿಗೆ ದುಡ್ಡಿಲ್ಲ, ಸ್ಕೂಲು ಮಕ್ಕಳು ಸುಮ್ನೆ ನಿಲ್ಲಿಸಿ ಹೋಗುತ್ತಾರೆ. ಹೊಸದಾಗಿ ಬರೋರು ಟ್ರೈನಿಗೆ ಹತ್ತು ನಿಮಿಷ ಮುಂಚೆ ಬನ್ನಿ, ಹ್ಯಾಂಡಲ್ ಲಾಕ್ ಹಾಕಬೇಡಿ, ಹಾಕಿದರೆ ತಾತನಿಗೆ ಜರುಗಿಸೋಕೆ ಆಗಲ್ಲ. ಸಂಜೆ ಯಾವುದಕ್ಕೆ ಅಂತ ಕೇಳಿದರೆ ಸರಿಯಾಗಿ ಯೋಚಿಸಿ ಹೇಳಿ.